ಕಣದ ಮೇಸ್ತ್ರಿಯ ನಾಲಿಗೆ

ಕಡವೆಗುಡ್ಡ ಎಸ್ಟೇಟ್ ಲೈನ್,
ಬಾಳೂರು.
೧೮ ಜನವರಿ ೨೦೨೬, ಭಾನುವಾರ

ಮಗಳು ನಾಗಶ್ರೀಗೆ ಅಮ್ಮನ ಆಶೀರ್ವಾದ.

ಗುರುವಾರ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ಬಣಕಲ್‌ನಿಂದ ಸ್ಕೂಟರಿನಲ್ಲಿ ಬರುತ್ತಾಳಲ್ಲ, ಟಿ.ಬಿ. ಮಾತ್ರೆಯ ಫಿಜಾ, ಅವಳು ಕಾಫಿ ಕಣದ ಅಂಚಿನಲ್ಲಿ ನಿಂತು ನಿಮ್ಮಪ್ಪನ ರಿಪೋರ್ಟು ಓದುತ್ತಿದ್ದಳು. ಹಿಂದೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮಿಷಿನ್ನು ಗಡಗಡ ತಿರುಗುತ್ತಿತ್ತು. ಅವಳ ತುಟಿ ಆಡುವುದು ಕಾಣುತ್ತಿತ್ತೇ ಹೊರತು ಒಂದಕ್ಷರ ಕೇಳುತ್ತಿರಲಿಲ್ಲ. ನಿಮ್ಮಪ್ಪ ನನ್ನ ಕಡೆ ತಿರುಗಿ "ಏನಂತೆ?" ಎಂದರು. ನಾನು ಬಾಯಿ ತೆರೆದರೆ ನನಗೂ ಸ್ವರವಿಲ್ಲ. ಎದ್ದು ಕೂತವಳು ಮತ್ತೆ ಮಲಗಲಿಲ್ಲ. ಒಲೆ ಹೊತ್ತಿಸಿದರೆ ಹಾಲು ಉಕ್ಕಿ ಒಲೆಯೇ ಆರಿತು. ಸಂಕ್ರಾಂತಿಯ ದಿನವೇ ಹೀಗಾಯಿತಲ್ಲ ಎಂದು ಅದಕ್ಕೊಂದು ಚಿಂತೆ ಬೇರೆ.

ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು ಎಂದು ಬೈಯಬೇಡ. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ಹರಿದೆ. ರಿಪೋರ್ಟು ಬರದೆ ಏನೆಂದು ಬರೆಯಲಿ? ಡಿಸೆಂಬರ್ ಐದಕ್ಕೆ ಕೊನೆಯ ಮಾತ್ರೆ ನುಂಗಿದರು, ಅದೇ ದಿನ ಕೊನೆಯ ಕಫ ಪರೀಕ್ಷೆಗೆ ಹೋಯಿತು. ಅದನ್ನು ಆರು ವಾರ ಬೆಳೆಸಿ ನೋಡುತ್ತಾರಂತೆ. ಕ್ರಿಮಿ ಬೆಳೆಯಿತೋ, ಮತ್ತೆ ಮೊದಲಿನಿಂದ. ಈ ಒಂಬತ್ತು ತಿಂಗಳ ಮಾತ್ರೆಗೂ ಬಗ್ಗದಿದ್ದರೆ ಮುಂದೆ ಕೊಡುವುದಕ್ಕೆ ಇನ್ನೇನು ಉಳಿದಿದೆ ಎಂದು ನಾನು ಫಿಜಾಳನ್ನು ಕೇಳಿದ್ದೆ. ಅವಳು "ಅದನ್ನು ಈಗ್ಲೇ ಯಾಕೆ ಕೇಳ್ತೀರಿ ಮುತ್ತಕ್ಕ" ಎಂದು ಸ್ಕೂಟರ್ ಹತ್ತಿದಳು. ಆ ಮಾತಿಗೇ ನಾನು ಆರು ವಾರ ಸರಿಯಾಗಿ ಉಂಡಿಲ್ಲ.

ಫೋನು ಇದೆಯಲ್ಲ ಎನ್ನುತ್ತೀಯ. ಸಿಗ್ನಲ್ ಸಿಗುವುದು ಕಣದ ಮೇಲಿನ ಬಂಡೆಯ ಹತ್ತಿರ ಮಾತ್ರ. ಅಲ್ಲಿ ನಿಮ್ಮಪ್ಪ ಪಕ್ಕದಲ್ಲೇ ನಿಂತಿರುತ್ತಾರೆ. "ಊಟ ಆಯ್ತಾ" ಎಂದು ನಿನ್ನನ್ನು ಒಂದು ಮಾತು ಕೇಳಿ ಫೋನನ್ನು ನನ್ನ ಕೈಗೆ ತುರುಕುತ್ತಾರೆ, ಆದರೆ ಅಲ್ಲಿಂದ ಕದಲುವುದಿಲ್ಲ. ನನಗೆ ಹೇಳುವುದಿದ್ದದ್ದು ಹೇಳಲಿಕ್ಕಾಗುವುದಿಲ್ಲ.

ಈಗ ಕೇಳು. ಮೊನ್ನೆ ಶುಕ್ರವಾರ ಹತ್ತು ಗಂಟೆಗೆ ಫಿಜಾ ಬಂದಳು. ಯಾವಾಗಲೂ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ ನಡೆದು ಬರುವವಳು, ಅವತ್ತು ಹಾರ್ನ್ ಹೊಡೆಯುತ್ತಾ ಕಣದವರೆಗೂ ಬಂದಳು. ಅವಳು ಹೆಲ್ಮೆಟ್ ತೆಗೆಯುವಷ್ಟರಲ್ಲಿ ನನ್ನ ಕೈಯ ಕುಂಟೆ ಕೆಳಗೆ ಬಿತ್ತು. ಕಾಫಿ ಎಳೆಯುತ್ತಿದ್ದ ಅಷ್ಟೂ ಹೆಂಗಸರು ನಿಂತರು. ಅವಳು ಕಾಗದ ಬಿಡಿಸಿ, "ಹಾಲೇಶಣ್ಣ, ಕೊನೇ ಕಲ್ಚರ್ ನೆಗೆಟಿವ್. ಏನೂ ಬೆಳೆದಿಲ್ಲ. ನೀವು ಗುಣ ಆದ್ರಿ ಅಂತ ಡಾಕ್ಟ್ರು ಬರೆದಿದ್ದಾರೆ" ಎಂದಳು. ಮಿಷಿನ್ನು ನಿಂತಿತ್ತು. ಪ್ರತಿ ಅಕ್ಷರವೂ ಕೇಳಿಸಿತು.

ನಾನು ಕೇಳಿದೆ, "ನೆಗೆಟಿವ್ ಅಂದ್ರೆ ಒಳ್ಳೇದೇ ತಾನೇ?"

"ಒಳ್ಳೇದೇ ಮುತ್ತಕ್ಕ."

"ಹೋದ ವರ್ಷ ಜುಲೈಯಲ್ಲಿ ಬಂತಲ್ಲ, ಅದು?"

"ಅದು ಪಾಸಿಟಿವ್. ಅದು ಕೆಟ್ಟದ್ದು."

"ಹೆಸ್ರು ಸರಿಯಾಗಿ ನೋಡಿದ್ಯಾ? ಬೇರೆ ಹಾಲೇಶ ಅಲ್ಲ ತಾನೇ?"

ಆ ಹುಡುಗಿ ಕಾಗದವನ್ನು ನನ್ನ ಮೂಗಿನ ಹತ್ತಿರ ಹಿಡಿದು, ಹೆಸರು, ವಯಸ್ಸು, ಊರು ಎಲ್ಲಾ ಬೆರಳಿಟ್ಟು ಓದಿಸಿದಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅವತ್ತು ಇಂಗ್ಲಿಷ್ ಅಕ್ಷರವೂ ಅರ್ಥವಾದ ಹಾಗಾಯಿತು. ನಿಮ್ಮಪ್ಪ ಏನು ಮಾಡಿದರು ಗೊತ್ತಾ? ನಿಂತಿದ್ದ ಹೆಂಗಸರ ಕಡೆ ತಿರುಗಿ, "ಎಂತ ನೋಡ್ತಾ ನಿಂತ್ರಿ ಮಾರಾಯ್ರೇ, ಎಳೀರಿ ಎಳೀರಿ, ನಾನು ಗುಣ ಆದೆ ಅಂತ ಕಾಫಿ ತಾನಾಗೇ ಒಣಗುತ್ತಾ?" ಎಂದರು. ಎಲ್ಲರೂ ನಕ್ಕರು. ಆಮೇಲೆ ಅವರು ಗೋಡೌನಿನ ಹಿಂದೆ ಹೋದರು. ನಾನು ಹೋಗಿ ನೋಡಿದರೆ ಗೋಡೆಗೆ ಹಣೆಯಿಟ್ಟು ನಿಂತಿದ್ದರು. ಭುಜ ಅಲುಗುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ. ಹೆದರಿ ಅಲ್ಲ. ಅದು ಅವರೊಬ್ಬರ ಹೊತ್ತು ಎನ್ನಿಸಿತು.

ಈ ಒಂಬತ್ತು ತಿಂಗಳಲ್ಲಿ ಏನೇನಾಯಿತು ಎಂದು ನಿನಗೆ ಪೂರ್ತಿ ಹೇಳಿಲ್ಲ. ನೀನು ಹಾಸನಕ್ಕೆ ಮುದ್ದಮ್ಮತ್ತೆಯ ಮನೆಗೆ ಹೋದಾಗ ಅವರು ಮೂವತ್ತಾರು ಕಿಲೋ ಇದ್ದರು. ಎಕ್ಸ್‌ರೇಯಲ್ಲಿ ಬಲಗಡೆ ನೆಲ್ಲಿಕಾಯಿಯಷ್ಟು ಗುಳಿ, ಎಡಗಡೆಗೂ ಹಬ್ಬಿತ್ತು. ಮೂರು ವರ್ಷದ ಹಿಂದೆ ಬಂದ ಮೊದಲ ಸಲದ ಕಾಯಿಲೆ ಬರೀ ಕೆಮ್ಮು, ಸಂಜೆ ಜ್ವರ. ಇದು ರಕ್ತ ಕಾರಿಸುವ ಕಾಯಿಲೆ. "ಹಳೇ ಮಾತ್ರೆಗೆ ಈ ಕ್ರಿಮಿ ಪಳಗಿಬಿಟ್ಟಿದೆ ಅಮ್ಮ, ಹೊಡೆದ್ರೂ ಸಾಯಲ್ಲ. ಬೇರೆ ಮಾತ್ರೆ ಕೊಡ್ತೀವಿ, ಒಂದು ದಿನ ತಪ್ಪಿದ್ರೂ ಇದಕ್ಕೂ ಪಳಗುತ್ತೆ" ಎಂದು ಡಾಕ್ಟರು ನನಗೆ ಹೇಳಿದರು. ಆ ಮಾತು ಕೇಳಿದ ಮೇಲೆ ನಾನು ಒಂಬತ್ತು ತಿಂಗಳೂ ಅವರ ಬಾಯಿಗೆ ಮಾತ್ರೆ ಹಾಕಿ, ನೀರು ಕುಡಿಸಿ, "ಆ ಅನ್ನಿ" ಎಂದು ನಾಲಿಗೆ ಎತ್ತಿಸಿ ನೋಡುತ್ತಿದ್ದೆ. "ಕತ್ತೆ ಹಲ್ಲು ನೋಡ್ದಂಗೆ ನೋಡ್ತೀಯಲ್ಲೇ" ಎಂದು ಬೈಯುತ್ತಿದ್ದರು. ಬೈದರೂ ಬಾಯಿ ತೆರೆಯುತ್ತಿದ್ದರು.

ಜೂನಿನಲ್ಲಿ ಕಾಲು ಜೋಮು ಹಿಡಿಯಿತು. ಒಂದು ದಿನ ತೋಟದ ದಾರಿಯಲ್ಲಿ ಬಂದು ಮೆಟ್ಟಿಲ ಮೇಲೆ ಕೂತರು, ನೋಡಿದರೆ ಹಿಮ್ಮಡಿಯಿಂದ ರಕ್ತ ಇಳಿಯುತ್ತಿದೆ. ಮೂರು ಇಂಬಳ, ಬೆರಳು ದಪ್ಪ ಊದಿಕೊಂಡು ತೂಗಾಡುತ್ತಿವೆ. ಅವರಿಗೆ ಗೊತ್ತೇ ಇಲ್ಲ. ನಾನು ಚೀರಿದ್ದಕ್ಕೆ, "ಕುಡೀಲಿ ಬಿಡೇ ಪಾಪ, ಈ ಮಾತ್ರೆ ರಕ್ತ ಕುಡಿದು ಅವೇ ಸಾಯ್ತವೆ" ಎಂದರು. ಫಿಜಾ ಆ ಇಂಬಳದ ಕಥೆ ಕೇಳಿ ನಗಲಿಲ್ಲ, ಮಾರನೇ ದಿನವೇ ಮೂಡಿಗೆರೆಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಮಾತ್ರೆಯನ್ನು ಕಡಿಮೆ ಮಾಡಿಕೊಟ್ಟರು. ಬಿಡಲಿಲ್ಲ, ಕಡಿಮೆ ಮಾಡಿದರು. ಬಾಯಿಬಿಟ್ಟು ಹೇಳಿದರೆ ಹೀಗೂ ಒಂದು ದಾರಿ ಇರುತ್ತದೆ ಎಂದು ನನಗೆ ಆಗ ತಿಳಿಯಿತು.

ಜುಲೈಯಲ್ಲಿ ನಾಲ್ಕನೇ ತಿಂಗಳ ರಿಪೋರ್ಟು. ಆಗಲೂ ಕ್ರಿಮಿ ಬೆಳೆದಿತ್ತು. ಆರು ತಿಂಗಳಿಗೆ ಮುಗಿಯಬೇಕಾದ್ದು ಒಂಬತ್ತಾಯಿತು. ಅವತ್ತು ನಿಮ್ಮಪ್ಪ ಮಾತ್ರೆಯ ಪೆಟ್ಟಿಗೆಯನ್ನು ಮಂಚದ ಕೆಳಕ್ಕೆ ತಳ್ಳಿ, "ಸಾಕು ಮುತ್ತಿ, ಹೋಗ್ಲಿ ಬಿಡು" ಎಂದರು. ನನ್ನನ್ನು ಅವರು ಮುತ್ತಿ ಎಂದು ಕರೆದು ಹತ್ತು ವರ್ಷವಾಗಿತ್ತು. ನಾನು ಪೆಟ್ಟಿಗೆ ಎಳೆದು ತಂದು, "ನೀವು ನುಂಗದಿದ್ರೆ ನಾನೂ ನಾಳೆಯಿಂದ ಅನ್ನ ನುಂಗಲ್ಲ" ಎಂದೆ. ನಾನು ಹಾಗೆ ಮಾತಾಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಅವರಿಗೂ ಗಾಬರಿಯಾಯಿತು. ನುಂಗಿದರು. ಆಗಸ್ಟಿನಿಂದ ಬಂದ ರಿಪೋರ್ಟೆಲ್ಲಾ ಚೊಕ್ಕ.

ಆದರೆ ನಿಜವಾದ ಪರೀಕ್ಷೆ ನವೆಂಬರ್ ಕೊನೆಯಲ್ಲಿ ಬಂತು. ಅರೇಬಿಕ ಕೊಯ್ಲು ಶುರುವಾಗಿತ್ತು. ಕಣಕ್ಕೆ ಸಿಪ್ಪೆ ಸುಲಿದು ತೊಳೆದ ಮೊದಲ ಪಾರ್ಚ್‌ಮೆಂಟು ಬಿದ್ದಿತ್ತು. ಎಸ್ಟೇಟಿನ ಧಣಿಗಳು ಏಕಾಂತಪ್ಪನವರು ತಾವೇ ನಮ್ಮ ಲೈನ್ ಮನೆಗೆ ಬಂದು, "ಹಾಲೇಶ, ನಿನ್ನ ಮೈಯಿಂದ ಈಗ ಯಾರಿಗೂ ಅಂಟಲ್ಲ ಅಂತ ಡಾಕ್ಟ್ರು ಬರೆದುಕೊಟ್ಟಿದ್ದಾರೆ. ಕಣ ನೋಡ್ಕೊಳ್ತೀಯಾ?" ಎಂದರು. ನಿನಗೆ ಗೊತ್ತಲ್ಲ, ನಿಮ್ಮಪ್ಪ ಕಣ ನೋಡುವುದು ಹೇಗೆ. ಒಂದು ಬೀಜ ಬಾಯಿಗೆ ಹಾಕಿ ಕಡಿಯಬೇಕು. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಟಕ್ಕೆಂದರೆ ಒಣಗಿದೆ. ನಾಲಿಗೆಗೆ ಹುಳಿ ಹತ್ತಿದರೆ ತೊಟ್ಟಿಯಲ್ಲಿ ಹೆಚ್ಚು ಕೊಳೆತಿದೆ. ಈ ಸುತ್ತಲ ಎಸ್ಟೇಟುಗಳಲ್ಲಿ ಅವರಿಗಿರುವ ಹೆಸರೇ ಆ ನಾಲಿಗೆಯದು. ಈ ಮಾತ್ರೆಗಳು ಮೊದಲು ಕೊಲ್ಲುವುದೂ ಅದನ್ನೇ. ಬಾಯೊಳಗೆ ಬೀಗದ ಕೈ ಇಟ್ಟುಕೊಂಡ ಹಾಗಿರುತ್ತದಂತೆ.

ಬೀಜ ಕಡಿದರು, ಉಗಿದರು. ಇನ್ನೊಂದು ಕಡಿದರು. ಮುಖ ಸಣ್ಣದಾಯಿತು. "ಏನೂ ಗೊತ್ತಾಗ್ತಿಲ್ಲ ಕಣೇ. ಮಣ್ಣು ಕಡಿದಂಗಿದೆ." ಇನ್ನು ಹತ್ತೇ ಹತ್ತು ದಿನದ ಮಾತ್ರೆ ಉಳಿದಿತ್ತು. ಎಲ್ಲಿ ಬಿಡುತ್ತೇನೆ ಎನ್ನುತ್ತಾರೋ ಎಂದು ನಾನು ಅವರ ಬಾಯನ್ನೇ ನೋಡುತ್ತಾ ನಿಂತೆ. ಅವರು ಒಂದು ಬೀಜ ನನ್ನ ಕೈಗಿಟ್ಟು, "ನೀನು ಕಡಿ, ನಾನು ಕೇಳ್ತೀನಿ" ಎಂದರು.

"ನನಗೆಂತ ಗೊತ್ತಾಗುತ್ತೆ ಮಾರಾಯ್ರೇ."

"ಇಪ್ಪತ್ತು ವರ್ಷ ನನ್ನ ಅಡುಗೆಗೆ ಉಪ್ಪು ನೋಡಿದ ನಾಲಿಗೆ ಅಲ್ವಾ ಅದು? ಕಡಿ."

ಕಡಿದೆ. ಅವರು ನನ್ನ ಕೆನ್ನೆಯ ಹತ್ತಿರ ಕಿವಿಯಿಟ್ಟು ಶಬ್ದ ಕೇಳಿದರು, ಬೀಜ ಈಚೆ ತೆಗೆಸಿ ಹಲ್ಲಿನ ಗುರುತು ನೋಡಿದರು. "ಹುಳಿ ಇದೆಯಾ? ಎಲ್ಲಿ ಹತ್ತುತ್ತೆ, ತುದಿಗಾ, ಬುಡಕ್ಕಾ?" ಎಂದು ಕೇಳಿದರು. ಇಡೀ ಕಣ ನೋಡುತ್ತಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಲ್ಲೇಶ್ ಅವರಂತೂ, "ಹಾಲೇಶಣ್ಣ, ಮನೇಲಿ ಮಾಡೋದನ್ನ ಕಣದಲ್ಲಿ ಮಾಡ್ತಾ ಇದೀರಲ್ಲ" ಎಂದು ಹಾಸ್ಯ ಮಾಡಿದರು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ದಿನ ಕಳೆದ ಹಾಗೆ ನನಗೇ ಗೊತ್ತಾಗತೊಡಗಿತು. ಹಸಿಗೂ ಅರೆಹಸಿಗೂ ಹಲ್ಲು ಬೇರೆ ಬೇರೆ ಹೇಳುತ್ತದೆ. ಒಂದು ದಿನ ಮೂರನೇ ಸಾಲು ಮೂಟೆಗೆ ಸಿದ್ಧ ಎಂದು ಮಲ್ಲೇಶ್ ಹೇಳಿದರು. ನಾನು ಕಡಿದು "ಇನ್ನೊಂದು ಬಿಸಿಲು ಬೇಕು" ಎಂದೆ. ಹೇಳಿದ ಮೇಲೆ ಹೇಳಬಾರದಿತ್ತೇನೋ ಎನ್ನಿಸಿತು. ಧಣಿಗಳು ತೇವ ಅಳೆಯುವ ಮಿಷಿನ್ನು ತರಿಸಿ ಇಟ್ಟು ನೋಡಿದರು. ನನ್ನ ಹಲ್ಲು ಹೇಳಿದ್ದೇ ಸರಿ. "ಇನ್ಮೇಲೆ ನಮ್ ಕಣಕ್ಕೆ ಇಬ್ರು ಮೇಸ್ತ್ರಿ" ಎಂದರು ಏಕಾಂತಪ್ಪನವರು. ನಿಮ್ಮಪ್ಪ ಒಂದು ಗುಳಿಗೆ ಬಿಡದೆ ಡಿಸೆಂಬರ್ ಐದು ಮುಟ್ಟಿದರು.

ಹೋದ ವಾರ ಇನ್ನೊಂದಾಯಿತು. ಮಾವಿನ ಕೊಂಬೆಯಿಂದ ಚಗಳಿ ಇರುವೆ ಬಿದ್ದು ಅವರ ಕಾಲಿನ ಕಿರುಬೆರಳು ಕಚ್ಚಿತು. "ಅಯ್ಯಯ್ಯೋ" ಎಂದು ಕುಣಿದರು, ಆಮೇಲೆ ಒಮ್ಮೆಲೇ ನಿಂತು, "ಮುತ್ತಿ, ಕಚ್ಚಿದ್ದು ಗೊತ್ತಾಯ್ತು ಕಣೇ" ಎಂದರು. ಆ ಇರುವೆಯನ್ನು ಒರೆಸಿ ಹಾಕಲೂ ಬಿಡಲಿಲ್ಲ. ಈಗ ನಲವತ್ತೊಂಬತ್ತು ಕಿಲೋ ಇದ್ದಾರೆ. ನಾಲಿಗೆಯೂ ಮರಳಿದೆ. ನಿನ್ನೆ ಸಾರು ಬಾಯಿಗಿಟ್ಟು "ಕೊತ್ತಂಬರಿ ಕಮಟಿದೆ" ಎಂದು ಮುಖ ಸಿಂಡರಿಸಿದಾಗ ನನಗೆ ಹಬ್ಬವಾಯಿತು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನಿಮ್ಮಪ್ಪ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಾಗೂಗೆ ಬರಿ. ಬರ್ಲಿ ಮನೆಗೆ. ಮೊದಲ್ನೇ ಸಲದ ಕಾಯಿಲೇಲಿ ಅವಳು ಪಿಯುಸಿ ಓದೋ ಮಗು, ಏನೋ ತಪ್ಪಾಗಿ ಕೊಟ್ಟಿರ್ಬೇಕು ಮಾತ್ರೆ. ರಕ್ತ ಕಾರೋ ಸಿಟ್ಟಲ್ಲಿ ಆಸ್ಪತ್ರೇಲಿ ಎಲ್ಲರೆದ್ರು ಅಂದ್ಬಿಟ್ಟೆ, ನಿನ್ನ ಕೈಯಿಂದ್ಲೇ ನಂಗೆ ಹೀಗಾಯ್ತು ಅಂತ. ಈಗ ನನ್ನ ಮನಸ್ಸಲ್ಲಿ ಏನೂ ಇಲ್ಲ. ಕ್ಷಮಿಸಿದೀನಿ ಅಂತ ಬರಿ." ಹೀಗೆ ಹೇಳಿ ಅನ್ನ ಕಲಸುತ್ತಾ ಕೂತರು, ಉಣ್ಣಲಿಲ್ಲ. ನೀನು ಹೋಗಿ ಹತ್ತು ತಿಂಗಳಾಯಿತು. ನೀನು ಬರುವ ದಾರಿಯನ್ನು ಅವರು ನನಗಿಂತ ಹೆಚ್ಚು ನೋಡುತ್ತಾರೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ನಿನ್ನ ಹೊಲಿಗೆ ಅಂಗಡಿಯಲ್ಲಿ ರಜೆ ಕೇಳು. ಮುದ್ದಮ್ಮತ್ತೆಗೆ ಅವರ ತಮ್ಮ ಗುಣವಾದ ಸುದ್ದಿಯನ್ನು ಮೊದಲು ನೀನೇ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಚ್ಚಿಕೋ. ನೀನು ನೂರು ವರ್ಷ ಗಟ್ಟಿಯಾಗಿ ಬಾಳು, ನಿನ್ನ ಉಸಿರು ತಣ್ಣಗಿರಲಿ.

ನಿನ್ನ ಅಮ್ಮ,
ಮುತ್ತಮ್ಮ

ಮರೆತಿದ್ದು: ಮರೆತದ್ದಲ್ಲ. ಕಾಗದ ಮಡಚಿ ಅಂಟು ಹಚ್ಚುವುದರಲ್ಲಿದ್ದೆ, ಮತ್ತೆ ಬಿಡಿಸಿದೆ. ಭಾನುವಾರದ ರಜೆಯಾದರೂ ನಿಮ್ಮಪ್ಪ ಒಂದು ಸುತ್ತು ಕಣ ನೋಡಿ ಬರಲು ಹೋಗಿದ್ದಾರೆ.

ನಾಗೂ, ಕ್ಷಮಿಸಿದ್ದೇನೆ ಎಂದು ಅವರು ಬರೆಸಿದ್ದನ್ನು ಬರೆದೆ. ಕ್ಷಮಿಸುವಂಥದ್ದು ನಿನ್ನಲ್ಲಿ ಏನೂ ಇಲ್ಲ. ಮೂರು ವರ್ಷದ ಹಿಂದೆ, ಮೊದಲ ಸಲದ ಕಾಯಿಲೆಯಲ್ಲಿ, ನೀನು ದಿನಾ ಸರಿಯಾದ ಮಾತ್ರೆಯನ್ನೇ ಬಿಡಿಸಿ ಕರಡಿಗೆಯಲ್ಲಿ ಹಾಕಿ ಕೊಟ್ಟೆ. ಕೊಯ್ಲು ಶುರುವಾದ ಮೇಲೆ ಅವರು ಬೇಗ ಕಣಕ್ಕೆ ಹೋಗುತ್ತಿದ್ದರು, ಕಾಫಿಯ ಜೊತೆ ಮಾತ್ರೆ ಒಯ್ಯುವವಳು ನಾನಾಗಿದ್ದೆ. ಆಗಲೂ ನಾಲಿಗೆ ಸತ್ತಿತ್ತು. ಒಂದು ದಿನ ಅವರು ಬೀಜ ಉಗಿದು, "ಈ ವರ್ಷಕ್ಕೆ ನನ್ನ ಮೇಸ್ತ್ರಿಕೆ ಮುಗೀತು, ಇನ್ಯಾರಾದ್ರೂ ಬರ್ತಾರೆ" ಎಂದು ಅತ್ತರು. ನನಗೆ ನೋಡಲಾಗಲಿಲ್ಲ. ಕೆಮ್ಮು ನಿಂತಿತ್ತು, ಮೈ ತುಂಬಿತ್ತು, ಗುಣವಾದ ಹಾಗೇ ಕಂಡರು. ಆಶಾ ಕಾರ್ಯಕರ್ತೆ ಅಕ್ಕ ನನಗೆ ರಕ್ತ ಹೆಚ್ಚಲೆಂದು ಕೊಟ್ಟಿದ್ದ ಕೆಂಪು ಮಾತ್ರೆ ಇತ್ತು, ನೋಡಲಿಕ್ಕೆ ಅವರ ಮಾತ್ರೆಯ ಹಾಗೇ. ಕಣ ಇದ್ದ ದಿನ ಅದನ್ನು ಕರಡಿಗೆಯಲ್ಲಿಟ್ಟು ಒಯ್ದೆ, ನಿನ್ನದನ್ನು ಒಲೆಗೆ ಹಾಕಿದೆ. ಕಣ ಇಲ್ಲದ ಭಾನುವಾರ ಮಾತ್ರ ನಿನ್ನ ಮಾತ್ರೆ ಕೊಟ್ಟೆ, ಅಷ್ಟಾದರೂ ಇರಲಿ ಎಂದು. ಡಿಸೆಂಬರಿನಿಂದ ಫೆಬ್ರವರಿ. ವಾರಕ್ಕೊಂದು ದಿನ ಹೊಡೆದು ಆರು ದಿನ ಬಿಟ್ಟರೆ ಕ್ರಿಮಿ ಪಳಗದೆ ಏನು ಮಾಡುತ್ತದೆ? ಅವರಿಗೆ ರುಚಿ ಮರಳಿತು, ಮಾತ್ರೆಯಿಂದ ಬರುತ್ತಿದ್ದ ಉಚ್ಚೆಯ ಕೆಂಪು ಹೋಯಿತು. "ಮೈಗೆ ಒಗ್ಗಿತು ಮಾತ್ರೆ" ಎಂದು ಸಂತೋಷಪಟ್ಟರು. ನಾನೂ ಸಂತೋಷಪಟ್ಟೆ. ನೀನು ಪ್ರತಿದಿನ ನಂಬಿ ಕಾರ್ಡಿನಲ್ಲಿ ಗುರುತು ಹಾಕಿದೆ.

ಹೋದ ಮಾರ್ಚಿನಲ್ಲಿ ಡಾಕ್ಟರು "ಆಗ ಮಾತ್ರೆ ಕೊಡ್ತಾ ಇದ್ದವ್ರು ಯಾರು?" ಎಂದು ಕೇಳಿದಾಗ ನೀನು ಕೈ ಎತ್ತಿದೆ. ನಿಮ್ಮಪ್ಪ ನಿನ್ನನ್ನು ಅಂದಾಗ ನೀನು ನನ್ನ ಮುಖ ನೋಡಿದೆ. ನಾನು ನೆಲ ನೋಡಿದೆ. ಹೆಂಡತಿಯೇ ಹೀಗೆ ಮಾಡಿದಳೆಂದು ತಿಳಿದರೆ ಅವರು ಮತ್ತೆ ನನ್ನ ಕೈಯಿಂದ ಮಾತ್ರೆ ನುಂಗುವುದಿಲ್ಲ, ಸಾಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಬರೀ ಹೆದರಿಕೆ. ಈಗ ನುಂಗಬೇಕಾದ್ದೆಲ್ಲಾ ನುಂಗಿ ಮುಗಿಸಿದ್ದಾರೆ. ನಾಳೆ ಈ ಕಾಗದವನ್ನು ಬಾಳೂರಿನಲ್ಲಿ ಅಂಚೆಗೆ ಹಾಕಿ, ನೆಟ್ಟಗೆ ಕಣಕ್ಕೆ ಹೋಗಿ ಅವರಿಗೆ ಹೇಳುತ್ತೇನೆ. ಆಸ್ಪತ್ರೆಯಲ್ಲಿ ನಿನ್ನನ್ನು ಎಲ್ಲರ ಎದುರಿಗೆ ಅಂದರು. ಇದನ್ನೂ ಎಲ್ಲರ ಎದುರಿಗೇ ಹೇಳುತ್ತೇನೆ. ಅವರು ಏನಾದರೂ ಅನ್ನಲಿ. ನೀನು ಬಂದು ನನ್ನನ್ನು ಮಾತಾಡಿಸದಿದ್ದರೂ ಪರವಾಗಿಲ್ಲ, ತಲೆ ಎತ್ತಿಕೊಂಡು ಬಾ.

ಇನ್ನೊಂದು. ಸಂಕ್ರಾಂತಿಯ ದಿನ ಫೋನಿನಲ್ಲಿ ನೀನು ಮಾತಿನ ಮಧ್ಯೆ ಎರಡು ಸಲ ಕೆಮ್ಮಿದೆ. ಕೇಳಿದ್ದಕ್ಕೆ ಶೀತ, ಎಂಟು ದಿನ ಆಯಿತು ಎಂದೆ. ಮಾರ್ಚಿನಲ್ಲಿ ನಿನ್ನ ಎಕ್ಸ್‌ರೇ ಚೊಕ್ಕವಾಗಿತ್ತು, ನನಗೆ ಗೊತ್ತು. ಆದರೂ ಎರಡು ವಾರ ದಾಟಿದ ಕೆಮ್ಮಾದರೆ ಕಫ ಕೊಡಲೇಬೇಕು, ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಇತ್ತು ಎಂದೂ ಅಲ್ಲಿ ಹೇಳಲೇಬೇಕು. ಅತ್ತೆಯ ಮನೆಯ ಕ್ಯಾಲೆಂಡರ್ ಮುಂದೆ ನಿಂತು, ಕೆಮ್ಮು ಶುರುವಾದ ದಿನದ ಮೇಲೆ ಬೆರಳಿಟ್ಟು, ಅವತ್ತಿಗೆ ನಿಜವಾಗಿ ಎಂಟೇ ದಿನವೋ ಇನ್ನೊಂದು ಸಲ ಎಣಿಸಿ ನೋಡು.